ಅಮೀನಪ್ಪನ ಉದ್ಯೋಗ

ಶವಾಗಾರದ ಎಕ್ಸಾಸ್ಟ್ ಫ್ಯಾನು ಕೆಟ್ಟು ಮೂರು ವರ್ಷವಾಗಿತ್ತು. ಕಿಟಕಿ ತೆರೆದರೆ ವಾಸನೆ ಎದುರಿನ ಹೆರಿಗೆ ವಾರ್ಡಿಗೆ ಹೋಗುತ್ತದೆಂದು ಕಿಟಕಿಗೂ ಮೊಳೆ ಹೊಡೆದಿದ್ದರು. ಒಳಗೆ ಎರಡು ಕಲ್ಲಿನ ಮೇಜು, ಒಂದು ನಲ್ಲಿ, ಮಿಣುಕುವ ಒಂದು ಟ್ಯೂಬ್‌ಲೈಟು. ಕೈಗವಸು ಈರುಳ್ಳಿ ಸಿಪ್ಪೆಯಷ್ಟು ತೆಳು. ಅಮೀನಪ್ಪ ಒಂದರ ಮೇಲೊಂದು ಎರಡು ಹಾಕಿಕೊಳ್ಳುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಎರಡೂ ಹರಿದಿರುತ್ತಿದ್ದವು. ತಲೆಬುರುಡೆ ತೆರೆಯಲೆಂದು ಸರ್ಕಾರ ಒಂದು ಕರೆಂಟಿನ ಗರಗಸ ಕೊಟ್ಟಿತ್ತು. ಅದು ವಿಭಾಗದ ಮುಖ್ಯಸ್ಥರ ಕೋಣೆಯ ಗಾಜಿನ ಬೀರುವಿನಲ್ಲಿತ್ತು. ತಪಾಸಣೆಗೆ ಬಂದವರಿಗೆ ತೋರಿಸುವ ವಸ್ತುವಾದ್ದರಿಂದ ಅದನ್ನು ಬಳಸುವಂತಿರಲಿಲ್ಲ. ಅಮೀನಪ್ಪನ ಪಾಲಿಗೆ ಉಳಿ, ಸುತ್ತಿಗೆ. ಹೊಲಿಯಲು ಗೋಣಿಚೀಲ ಹೊಲಿಯುವ ದಬ್ಬಣ.

ಅಮೀನಪ್ಪ ಲಿಂಗಸೂಗೂರು ಕಡೆಯವನು. ವಿಜಯನಗರದಾಚೆಯ ಈ ದೊಡ್ಡಾಸ್ಪತ್ರೆಗೆ ಕಂತ್ರಾಟಿನ ಮೇಲೆ ಸೇರಿ ಇಪ್ಪತ್ನಾಲ್ಕು ವರ್ಷವಾಗಿತ್ತು. ಹೆಣ ಕೊಯ್ಯಬೇಕಾದವರು ಡಾಕ್ಟರು, ಅಮೀನಪ್ಪ ಬರೀ ಎತ್ತಿಕೊಡಬೇಕು, ನೀರು ಹಾಕಬೇಕು. ನಿಯಮ ಹಾಗಿತ್ತು. ನಡೆಯುತ್ತಿದ್ದುದು ಬೇರೆ. ಅಮೀನಪ್ಪ ಕೊಯ್ಯುತ್ತಿದ್ದ. ಡಾಕ್ಟರು ಹೊಸ್ತಿಲಾಚೆ ಕರವಸ್ತ್ರ ಹಿಡಿದು ನಿಂತು "ಲಿವರ್ ಹೆಂಗಿದೆ?" ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಕೆಲವರು ಅಷ್ಟನ್ನೂ ಕೇಳುತ್ತಿರಲಿಲ್ಲ.

ಮಲ್ಲತ್ತಹಳ್ಳಿ ಕೆರೆಯ ಹಿಂದಿನ ವಠಾರದಲ್ಲಿ ಅವನ ಮನೆ. ಮಾಲೀಕರಿಗೆ "ಆಸ್ಪತ್ರೆ ಕೆಲಸ" ಎಂದಷ್ಟೇ ಹೇಳಿದ್ದ. ಪೂರ್ತಿ ಹೇಳಿದ ಹಿಂದಿನ ಎರಡು ಮನೆಗಳಲ್ಲಿ ತಿಂಗಳು ತುಂಬುವುದರೊಳಗೆ ಖಾಲಿ ಮಾಡಿಸಿದ್ದರು. ಹೆಂಡತಿ ದುರ್ಗವ್ವ ದಿನವೂ ಬಚ್ಚಲಲ್ಲಿ ಬಿಸಿನೀರು, ಅರ್ಧ ನಿಂಬೆಹಣ್ಣು ಇಟ್ಟಿರುತ್ತಿದ್ದಳು. ಅವನು ಕೈ ತಿಕ್ಕುತ್ತಾ ಅಂದು ಯಾರು ಬಂದಿದ್ದರು, ಹೇಗೆ ಸತ್ತಿದ್ದರು ಎಂದು ಹೇಳುತ್ತಿದ್ದ. ದುರ್ಗವ್ವ ಕೇಳುತ್ತಿದ್ದಳು. ಅವನ ವರದಿ ಪೂರ್ತಿ ಕೇಳಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ.

ಆ ವರ್ಷ ಫೊರೆನ್ಸಿಕ್ ಓದಲು ಹೇಮಶ್ರೀ ಎಂಬ ಹುಡುಗಿ ಬಂದಳು. ಬಸವೇಶ್ವರನಗರದವಳು. ಎಂಬಿಬಿಎಸ್ ಮುಗಿಸಿ, ಎಲ್ಲರೂ ಬಿಟ್ಟ ಸೀಟನ್ನು ತಾನೇ ಕೇಳಿ ತೆಗೆದುಕೊಂಡಿದ್ದಳು. ಸತ್ತವರ ಪರವಾಗಿ ಮಾತಾಡುವ ಡಾಕ್ಟರು ಒಬ್ಬರಾದರೂ ಬೇಕು ಎಂಬುದು ಅವಳ ತಲೆಯಲ್ಲಿತ್ತು. ತಾಯಿ ಶಿವಕ್ಕನ ತಲೆಯಲ್ಲಿ ಮದುವೆಯಿತ್ತು. ಹೆಣದ ಡಾಕ್ಟರೆಂದರೆ ಯಾರು ಒಪ್ಪುತ್ತಾರೆ ಎಂದು ಹೆದರಿ, ಮಗಳಿಗೆ ಸ್ಕಿನ್ ಸೀಟು ಸಿಕ್ಕಿತೆಂದು ಬೀದಿಗೆಲ್ಲ ಹೇಳಿಬಿಟ್ಟಳು. ಅದರ ಫಲವಾಗಿ ಭಾನುವಾರ ಬೆಳಗಾದರೆ ಮೊಡವೆಯವರು, ತುರಿಕೆಯವರು, ಕೂದಲುದುರುವವರು ಬಂದು ಜಗಲಿಯಲ್ಲಿ ಕೂರತೊಡಗಿದರು. ಹೇಮಶ್ರೀ ಹಳೆಯ ಪುಸ್ತಕ ನೋಡಿ ಮುಲಾಮು ಬರೆದುಕೊಡುತ್ತಿದ್ದಳು. ಕೆಲವರಿಗೆ ವಾಸಿಯೂ ಆಗಿ, ಬರುವವರು ಇನ್ನೂ ಹೆಚ್ಚಾದರು.

ಮೊದಲ ದಿನ ವಿಭಾಗದ ಮುಖ್ಯಸ್ಥ ಡಾಕ್ಟರ್ ಚನ್ನವೀರೇಶ್ ಅವಳನ್ನು ಕೂರಿಸಿಕೊಂಡು ಕಾಫಿ ತರಿಸಿದರು. ಹೆಣ ಹೊಲಿಯುವ ಕ್ರಮದ ಬಗ್ಗೆ ಅವರು ಬರೆದ ಲೇಖನವೊಂದು ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಅದರ ಫೋಟೋದಲ್ಲಿ ದಬ್ಬಣ ಹಿಡಿದ ಕೈ ಅಮೀನಪ್ಪನದು. ತಾನು ಕೊಯ್ಯುವುದನ್ನು ಯಾವಾಗ ಕಲಿಯಬೇಕು ಎಂದು ಹೇಮಶ್ರೀ ಕೇಳಿದಳು. ಅವರು ನಕ್ಕರು.

"ಫೊರೆನ್ಸಿಕ್‌ನಲ್ಲಿ ಡಾಕ್ಟರ ಆಯುಧ ಪೆನ್ನು ಕಣಮ್ಮ. ಚಾಕು ಹಿಡಿಯೋಕೆ ಜನ ಇದಾರೆ."

ಅವಳು ಕಾಫಿ ಮುಗಿಸಿ ಆ ಜನವನ್ನು ಹುಡುಕಿಕೊಂಡು ಹೋದಳು. ಅಮೀನಪ್ಪ ಮೊದಲು ಒಪ್ಪಲಿಲ್ಲ. ಡಾಕ್ಟರು ಹೊಸ್ತಿಲು ದಾಟಿದ್ದನ್ನು ನೋಡಿ ಅವನಿಗೇ ಕಸಿವಿಸಿಯಾಯಿತು. ಸೀರೆ ಉಟ್ಟು ಬಂದಿದ್ದ ಅವಳು ಸೆರಗು ಸಿಕ್ಕಿಸಿ, ತಾನೇ ನಲ್ಲಿ ತಿರುಗಿಸಿ, ಬಕೆಟ್ ತುಂಬಿಟ್ಟಳು. ಆಮೇಲೆ ಅವನು ಮಾತಾಡಿದ.

"ಮೊದ್ಲ ಬಟ್ಟಿ ನೋಡ್ರಿ ಡಾಕ್ಟರವ್ವ. ಆಮ್ಯಾಲ ಉಗುರು. ಆಮ್ಯಾಲ ಮೈ. ಚಾಕು ಕಡೀಕ. ಅವಸರ ಮಾಡಿದ್ರ ಹೆಣ ಏನೂ ಹೇಳಂಗಿಲ್ಲ."

ಎಂಟು ತಿಂಗಳು ಅವಳು ಅವನ ಪಕ್ಕ ನಿಂತಳು. ಕತ್ತಿನ ಮೇಲಿನ ಗೆರೆ ತಾನೇ ಹಾಕಿಕೊಂಡ ನೇಣಿನದೋ, ಬೇರೆಯವರು ಬಿಗಿದದ್ದೋ ಎಂದು ನೋಡುವುದನ್ನು ಕಲಿತಳು. ಪುಸ್ತಕದಲ್ಲಿ ಮೂರು ಪುಟ ಇದ್ದದ್ದನ್ನು ಅಮೀನಪ್ಪ ಹೆಬ್ಬೆರಳಲ್ಲಿ ತೋರಿಸುತ್ತಿದ್ದ. ಪುಸ್ತಕದ ಹೆಸರುಗಳನ್ನು ಅವಳು ಅವನಿಗೆ ಹೇಳಿಕೊಡುತ್ತಿದ್ದಳು. ಅವನು ಅವನ್ನು ತನಗೆ ಬೇಕಾದಂತೆ ತಿರುಚಿಕೊಂಡು ಅನ್ನುತ್ತಿದ್ದ. ಹಾಗೆ ಇಬ್ಬರೂ ಸೇರಿ ಒಬ್ಬ ಪೂರ್ತಿ ಡಾಕ್ಟರಾಗಿದ್ದರು.

ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಒಂದು ಶವಪರೀಕ್ಷೆಯ ವರದಿ ಸಿದ್ಧವಾಗಿ, ಟೈಪಾಗಿ, ಚನ್ನವೀರೇಶರ ಮೇಜಿನ ಮೇಲಿತ್ತು. ಹೆಸರು ಫಕೀರೇಶ. ವಯಸ್ಸು ಇಪ್ಪತ್ತೊಂಬತ್ತು. ಸಾವಿನ ಕಾರಣ ಹೃದಯಾಘಾತ. ಎಲ್ಲ ಸರಿಯಾಗಿತ್ತು, ಹೆಣವೊಂದು ಬಂದಿರಲಿಲ್ಲ. ಅದು ಇನ್ನೂ ನಾಗರಬಾವಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು.

ಹೇಮಶ್ರೀಗೆ ಸಹಿ ಮಾಡಲು ಹೇಳಿದರು. ಹೆಣ ಬರಲಿ ಸಾರ್ ಎಂದಳು. ಬರುತ್ತದೆ, ಬರದೆ ಎಲ್ಲಿಗೆ ಹೋಗುತ್ತದೆ, ಅಷ್ಟರಲ್ಲಿ ಇದೊಂದು ಕೆಲಸ ಮುಗಿದಿರಲಿ ಎಂದರು ಅವರು. ಅವಳು ಪೆನ್ನು ಸರಿಯಾಗಿ ಬರೆಯುತ್ತಿಲ್ಲವೆಂದು ಹೇಳಿ ಎದ್ದುಬಂದಳು.

ಹನ್ನೊಂದಕ್ಕೆ ಹೆಣ ಬಂತು. ಜೊತೆಗೆ ಒಬ್ಬ ಪೊಲೀಸು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಹಿಂದೆ ಆಟೋದಲ್ಲಿ ಸತ್ತವನ ಹೆಂಡತಿ ಲಕ್ಷ್ಮಿ. ಫಕೀರೇಶ ಆ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವವನು. ಭಾನುವಾರ ಬೆಳಿಗ್ಗೆ ಕೊಳಚೆ ಟ್ಯಾಂಕಿನ ಪಕ್ಕ ನಿಂತಿದ್ದಾಗ ಎದೆನೋವು ಬಂದು ಕುಸಿದ ಎಂದು ಕಾರ್ಯದರ್ಶಿ ಹೇಳಿದ. ಟ್ಯಾಂಕಿನೊಳಗೆ ಇಳಿದಿರಲಿಲ್ಲವೇ ಎಂದು ಹೇಮಶ್ರೀ ಕೇಳಿದಳು. ಇಳಿಯಬಾರದೆಂದು ಅಲ್ಲಿ ಬೋರ್ಡು ಹಾಕಿದೆ, ಬೋರ್ಡು ಇರುವ ಕಡೆ ಅವನು ಹೇಗೆ ಇಳಿಯುತ್ತಾನೆ ಎಂದ ಅವನು.

ಹೆಣವನ್ನು ಚೆನ್ನಾಗಿ ತೊಳೆದು, ಇಸ್ತ್ರಿ ಮಾಡಿದ ಶರಟು ಹಾಕಿ ತಂದಿದ್ದರು. ಅಮೀನಪ್ಪ ಶರಟು ಬಿಚ್ಚಿದ. ಉಗುರು ನೋಡಿದ. ಸೊಂಟಕ್ಕೆ ಬಂದವನು ಅಲ್ಲೇ ನಿಂತ. ಬೆಳ್ಳಿಯ ಉಡದಾರ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಹೇಮಶ್ರೀ ಹೊರಗೆ ಹೋಗಿ ಲಕ್ಷ್ಮಿಯನ್ನು ಕೇಳಿದಳು. ಪಂಚಮಿಗೆ ಮಾಡಿಸಿದ್ದು, ಶನಿವಾರ ತಲೆಸ್ನಾನ ಮಾಡುವಾಗ ತಾನೇ ತಿಕ್ಕಿದ್ದೆ, ಫಳಫಳ ಅಂತಿತ್ತು ಎಂದಳು ಆಕೆ.

"ಟ್ಯಾಂಕಿನ ಗಾಳಿ ಕುಡದೈತಿ ಬೆಳ್ಳಿ," ಎಂದ ಅಮೀನಪ್ಪ. "ಇದೇ ಗಾಳಿ ಇವನೂ ಕುಡದಾನ. ತೆಗೀತೀನಿ, ನೋಡ್ರಿ."

ತೆಗೆದ. ಶ್ವಾಸನಾಳದ ತುಂಬ ಕಪ್ಪು ಕೊಳಚೆ, ಕೆಳಗೆ ಪುಪ್ಪುಸದ ಸಣ್ಣ ಕವಲುಗಳವರೆಗೂ. ಪಕ್ಕದಲ್ಲಿ ನಿಂತವನಿಗೆ ಅದು ಅಲ್ಲಿಯವರೆಗೆ ಹೋಗುವುದಿಲ್ಲ. ಒಳಗೆ ಬಿದ್ದು, ಉಸಿರಿಗಾಗಿ ಬಾಯಿ ಬಿಟ್ಟವನಿಗೆ ಹೋಗುತ್ತದೆ. ಹೃದಯವನ್ನು ಅವಳು ತನ್ನ ಕೈಯಾರೆ ತೆರೆದು ನೋಡಿದಳು. ಇಪ್ಪತ್ತೊಂಬತ್ತರ ಗಟ್ಟಿ ಹೃದಯ, ಒಂದು ಕಲೆ ಇರಲಿಲ್ಲ. ಅವಳು ಕಂಡದ್ದನ್ನೆಲ್ಲ ಕೈಬರಹದಲ್ಲಿ ಬರೆದಳು. ಅಮೀನಪ್ಪ ಅಂದು ತುಂಬ ಹತ್ತಿರ ಹತ್ತಿರ ಹೊಲಿಗೆ ಹಾಕಿದ.

ಚನ್ನವೀರೇಶ್ ಎರಡು ವರದಿಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರು. ಹೇಮಶ್ರೀಯದು ಸುಳ್ಳು ಎಂದು ಅವರು ಹೇಳಲಿಲ್ಲ. ಹೆಣ ಕೊಯ್ದವರು ಯಾರು ಎಂದು ಕೇಳಿದರು. ಅಮೀನಪ್ಪ ಎಂದಳು ಅವಳು. ಅವರ ಮುಖ ಅರಳಿತು. ಕಂತ್ರಾಟು ಕಂಪನಿಯ ಮೇಲ್ವಿಚಾರಕ ಕೊಟ್ರಪ್ಪನಿಗೆ ಕಡತ ತರಲು ಫೋನು ಹೋಯಿತು.

ಮರುದಿನ ಬೆಳಿಗ್ಗೆ ಅಮೀನಪ್ಪನ ಕೈಗೆ ಒಂದು ಆದೇಶ ಬಂತು. ಹೇಮಶ್ರೀ ಓದಿ ಹೇಳಿದಳು. ಶ್ರೀ ಅಮೀನಪ್ಪ ಎಂಬುವರು ಈ ಸಂಸ್ಥೆಯ ತೋಟಗಾರರಾಗಿದ್ದು, ಶವವನ್ನು ತೆರೆಯಲು ಅರ್ಹರಲ್ಲ. ಆದ್ದರಿಂದ ಫಕೀರೇಶನ ಶವವನ್ನು ಅವರು ತೆರೆದಿದ್ದರೂ ತೆರೆದಿಲ್ಲವೆಂದು ಪರಿಗಣಿಸಲಾಗಿದೆ. ಶವದ ಮೇಲಿನ ಹೊಲಿಗೆಗೂ ಶವಪರೀಕ್ಷೆಗೂ ಸಂಬಂಧವಿಲ್ಲ. ಸದರಿಯವರು ಇನ್ನು ಮುಂದೆ ಶವಾಗಾರ ಪ್ರವೇಶಿಸದೆ ತಮ್ಮ ತೋಟದ ಕೆಲಸವನ್ನಷ್ಟೇ ಮಾಡತಕ್ಕದ್ದು.

ಅಮೀನಪ್ಪ ಎರಡು ಸಲ ಓದಿಸಿದ. ತಾನು ತೋಟಗಾರ ಎಂಬುದು ಅವನಿಗೆ ಗೊತ್ತಿರಲಿಲ್ಲ. ವರ್ಷವರ್ಷವೂ ಇಂಗ್ಲಿಷಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ, ಅಷ್ಟೇ. ಕೊಟ್ರಪ್ಪ ಬಂದು ಹೆಗಲ ಮೇಲೆ ಕೈಯಿಡಲು ಹೋಗಿ, ಹೆಣ ಮುಟ್ಟುವವನೆಂದು ನೆನಪಾಗಿ, ಕೈ ಹಿಂದೆ ತೆಗೆದುಕೊಂಡು ಸಮಾಧಾನ ಹೇಳಿದ.

"ಶವಾಗಾರಕ್ಕೆ ಪೋಸ್ಟೇ ಇರ್ಲಿಲ್ಲ ಕಣಣ್ಣ. ತೋಟಕ್ಕೆ ಇತ್ತು, ಅದ್ರಲ್ಲಿ ಹಾಕಿದ್ವಿ. ಎಲ್ಲಾದ್ರೂ ಒಂದ್ಕಡೆ ಇರ್ಬೇಕಲ್ಲ ಮನುಷ್ಯ."

ಆ ಸಂಜೆ ದುರ್ಗವ್ವನಿಗೆ ಅಮೀನಪ್ಪ ವರದಿ ಒಪ್ಪಿಸಿದ. ಅವಳು ಯಾರು ಸತ್ತರು ಎಂದು ಕೇಳಲಿಲ್ಲ. ಹಾಗಾದರೆ ಇಷ್ಟು ವರ್ಷ ನೀನು ಕೊಯ್ದ ಹೆಣಗಳೆಲ್ಲ ಕೊಯ್ದಿಲ್ಲವೇ, ಆ ಕಾಗದ ನಂಬಿ ಜೈಲಿಗೆ ಹೋದವರೆಲ್ಲ ಹೋಗಿಲ್ಲವೇ ಎಂದು ಕೇಳಿದಳು. ಅಮೀನಪ್ಪನ ಕೈಯ ನಿಂಬೆಹಣ್ಣು ನಿಂತಿತು. ಅವನಿಗೆ ಅದು ಹೊಳೆದಿರಲಿಲ್ಲ.

"ಹೋಗು, ಅವರು ಹೇಳಿದ್ದನ್ನ ಮಾಡು," ಎಂದಳು ದುರ್ಗವ್ವ. "ಒಂದು ಅಕ್ಷರ ತಪ್ಪಬ್ಯಾಡ."

ಬುಧವಾರ ಅಮೀನಪ್ಪ ಒಂದು ಗುದ್ದಲಿ ಹಿಡಿದು ಆಸ್ಪತ್ರೆಗೆ ಬಂದ. ತೋಟ ಎಲ್ಲಿದೆ ಎಂದು ಕಚೇರಿಯಲ್ಲಿ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಆವರಣವೆಲ್ಲ ಸಿಮೆಂಟು. ಮುರಿದ ಸ್ಟ್ರೆಚರುಗಳ ರಾಶಿಯ ಪಕ್ಕ ಎರಡು ಮಾರು ಮಣ್ಣು ಕಂಡಿತು. ಅಲ್ಲಿ ಅಗೆಯಲು ಶುರು ಮಾಡಿದ. ಹತ್ತು ಗಂಟೆಗೆ ಮೂರು ಹೆಣ ಬಂದವು. ಡಾಕ್ಟರೊಬ್ಬರು ಅಭ್ಯಾಸಬಲದಿಂದ ಹೊಸ್ತಿಲಾಚೆ ನಿಂತು ಲಿವರ್ ಹೇಗಿದೆ ಎಂದು ಕೇಳಿದರು. ಒಳಗೆ ಹೆಣಗಳು ಮಾತ್ರ ಇದ್ದವು.

ಮಧ್ಯಾಹ್ನದ ಊಟಕ್ಕೆ ಉಳಿದ ಕಂತ್ರಾಟು ಕೆಲಸಗಾರರು ಬಂದು ಸುತ್ತ ಕೂತರು. ಸುದ್ದಿ ಹಬ್ಬಿತ್ತು. ಎಲ್ಲರೂ ತಮ್ಮ ತಮ್ಮ ಕಾಗದ ತಂದಿದ್ದರು. ಹೇಮಶ್ರೀ ನಡುವೆ ಕೂತು ಒಂದೊಂದೇ ಓದಿದಳು. ಹೆರಿಗೆ ವಾರ್ಡಿನಲ್ಲಿ ಹದಿನೆಂಟು ವರ್ಷ ಮಕ್ಕಳನ್ನು ಹಿಡಿದ ವಿಮಲಮ್ಮ ಕಾಗದದಲ್ಲಿ ಲಿಫ್ಟ್ ನಡೆಸುವವಳು. ಆಕ್ಸಿಜನ್ ಸಿಲಿಂಡರ್ ಹೊತ್ತು ಬೆನ್ನು ಬಾಗಿದ ಮುನಿಯಪ್ಪ ಅಡುಗೆಯವನು. ಗೇಟಿನ ಕಾವಲುಗಾರ ಗ್ರಂಥಾಲಯ ಸಹಾಯಕ. ಮೊದಲು ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು. ಯಾರಿಗೇನಾದರೂ ಆದರೆ ಇದೇ ಕಾಗದ ತೆಗೆಯುತ್ತಾರಲ್ಲ ಎಂದು ಮುನಿಯಪ್ಪ ಮೆಲ್ಲಗೆ ಹೇಳಿದ. ಮೊನ್ನೆ ಸಿಲಿಂಡರ್ ಬಿದ್ದು ಅವನ ಕಾಲ್ಬೆರಳು ಹೋಗಿತ್ತು. ಆಸ್ಪತ್ರೆಯ ದಾಖಲೆಯಲ್ಲಿ ಅದು ಕುಕ್ಕರ್ ಬಿದ್ದು ಹೋಗಿತ್ತು.

ಗುರುವಾರದಿಂದ ಎಲ್ಲರೂ ಕಾಗದದಲ್ಲಿದ್ದ ಕೆಲಸಕ್ಕೆ ಹೋದರು. ವಿಮಲಮ್ಮ ಐದು ವರ್ಷದಿಂದ ಕೆಟ್ಟು ಬೀಗ ಹಾಕಿದ್ದ ಲಿಫ್ಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಬಂದವರಿಗೆ ಯಾವ ಮಹಡಿ ಎಂದು ಕೇಳತೊಡಗಿದಳು. ಆಸ್ಪತ್ರೆಯಲ್ಲಿ ಇಲ್ಲವೇ ಇಲ್ಲದ ಅಡುಗೆಮನೆಗೆ ಅಕ್ಕಿ ಬೇಳೆ ಬೇಕೆಂದು ಮುನಿಯಪ್ಪ ಅರ್ಜಿ ಕೊಟ್ಟ. ಕಾವಲುಗಾರ ಗೇಟು ಬಿಟ್ಟು ಗ್ರಂಥಾಲಯದಲ್ಲಿ ಪುಸ್ತಕದ ದೂಳು ಒರೆಸಿದ. ಹೆರಿಗೆ ನೋವು ತಿನ್ನುವವರು, ಉಸಿರು ಸಿಕ್ಕದವರು ಬಂದರೆ ಮಾತ್ರ ಎಲ್ಲರೂ ಎದ್ದು ಓಡುತ್ತಿದ್ದರು. ಕಚೇರಿಯವರು ಕರೆದರೆ ಆದೇಶ ತೋರಿಸುತ್ತಿದ್ದರು. ಇದು ಮುಷ್ಕರವೆಂದು ಕೊಟ್ರಪ್ಪ ಕೂಗಾಡಿದ. ಆದರೆ ಎಲ್ಲರೂ ಹೇಳಿದ ಕೆಲಸವನ್ನೇ ಮಾಡುತ್ತಿದ್ದುದರಿಂದ ಯಾವ ತಪ್ಪಿಗೆ ನೋಟಿಸು ಕೊಡಬೇಕೆಂದು ತಿಳಿಯಲಿಲ್ಲ.

ಲಕ್ಷ್ಮಿ ಗಂಡನ ಹೆಣ ಒಯ್ಯಲು ಒಪ್ಪಿರಲಿಲ್ಲ. ಹೃದಯಾಘಾತದ ಕಾಗದಕ್ಕೆ ಸಹಿ ಹಾಕಿ ತೆಗೆದುಕೊಂಡು ಹೋಗು ಎಂದು ಪೊಲೀಸರು ದಿನವೂ ಹೇಳುತ್ತಿದ್ದರು. ಅವಳು ಅಮೀನಪ್ಪನ ಮಣ್ಣಿನ ಪಕ್ಕದಲ್ಲೇ ಕೂತಿರುತ್ತಿದ್ದಳು. ಟ್ಯಾಂಕಿಗೆ ಇಳಿಯುವ ಮುಂಚೆ ಫಕೀರೇಶ ತನಗೆ ಫೋನು ಮಾಡಿದ್ದ, ಇವತ್ತೊಂದಿನ ಇಳಿ, ಇಲ್ಲಾಂದ್ರೆ ನಾಳೆಯಿಂದ ಬರಬೇಡ ಅಂದಿದಾರೆ ಎಂದಿದ್ದ ಎಂದು ಅವಳು ಹೇಳಿದಳು. ಅಮೀನಪ್ಪ ಅದನ್ನು ತನ್ನ ಎರಡು ಮಾರು ಮಣ್ಣು ಅಗೆಯುತ್ತಾ ಕೇಳಿದ.

ಶುಕ್ರವಾರ ಮಾಗಡಿ ರಸ್ತೆಯಲ್ಲಿ ಕಾರು ಗುದ್ದಿ ದೊಡ್ಡ ಬಿಲ್ಡರೊಬ್ಬರು ತೀರಿಕೊಂಡರು. ಗೇಟು ಕಾಯುವವರಿಲ್ಲದ ಆವರಣಕ್ಕೆ ಹತ್ತೊಂಬತ್ತು ಕಾರು ನುಗ್ಗಿದವು. ಒಳಗೆ ಹೋದ ಬಂಧುಗಳು ಸಾಲಾಗಿ ಮಲಗಿದ್ದ ಹೆಣಗಳನ್ನು ನೋಡಿ ಹೊರಗೆ ಓಡಿಬಂದರು. ಮೇಲಿನಿಂದ ಫೋನುಗಳು ಬಂದವು. ಬೇರೆ ದಾರಿಯಿಲ್ಲದೆ ಚನ್ನವೀರೇಶ್ ಕೋಟು ಕಳಚಿ, ಎರಡು ಮಾಸ್ಕು ಹಾಕಿಕೊಂಡು, ಹನ್ನೊಂದು ವರ್ಷದ ಮೇಲೆ ಮೊದಲ ಸಲ ಹೊಸ್ತಿಲು ದಾಟಿದರು. ಗಾಜಿನ ಬೀರುವಿನ ಗರಗಸವನ್ನೂ ತರಿಸಿದರು. ಅದರ ಪ್ಲಗ್ಗು ಶವಾಗಾರದ ಸಾಕೆಟ್ಟಿಗೆ ಹೊಂದಲಿಲ್ಲ. ಅವರು ಚಾಕು ಹಿಡಿದು, ಬಿಲ್ಡರ ಎದೆಯ ಮೇಲೆ ಎಲ್ಲಿಂದ ಶುರು ಮಾಡುವುದೆಂದು ಗಾಳಿಯಲ್ಲಿ ಎರಡು ಗೆರೆ ಎಳೆದು ನೋಡಿ, ಹೊರಗೆ ಬಂದು ಗೋಡೆಗೆ ಒರಗಿದರು.

ಹೇಮಶ್ರೀಯನ್ನು ಕರೆದರು. ಅವಳು ಬಂದಳು.

"ನನಗೆ ಬರುತ್ತೆ ಸಾರ್," ಎಂದಳು. "ಆದ್ರೆ ಕಲಿಸಿದವರು ತೋಟಗಾರರು. ನಾನು ಕೊಯ್ದ್ರೂ ಕೊಯ್ದಿಲ್ಲ ಅಂತಾನೇ ಆಗುತ್ತಲ್ಲ?"

ಅವಳ ಪರೀಕ್ಷೆ ತಮ್ಮ ಕೈಯಲ್ಲಿದೆ ಎಂದು ಅವರು ನೆನಪಿಸಿದರು. ಗೊತ್ತಿದೆ ಎಂದಳು. ಕೊನೆಗೆ ಅವರೇ ಸ್ಟ್ರೆಚರಿನ ರಾಶಿಯ ಕಡೆ ನಡೆದರು. ಹಿಂದೆ ಬಿಲ್ಡರ ಮಕ್ಕಳು, ಪೊಲೀಸರು, ಕೊಟ್ರಪ್ಪ. ಅಮೀನಪ್ಪ ಗುದ್ದಲಿ ಕೆಳಗಿಟ್ಟು ಎದ್ದುನಿಂತ. ತಮ್ಮಿಂದ ತಪ್ಪಾಯಿತು, ಬಾ ಎಂದು ಅವರು ಹೇಳಿದ್ದನ್ನು ಪೂರ್ತಿ ಕೇಳಿದ.

"ಬರ್ತೀನ್ರಿ ಸಾಹೇಬ್ರ. ನೀವು ಬರದು ಕೊಡ್ರಿ. ಇಪ್ಪತ್ನಾಲ್ಕು ವರ್ಷ ಇಲ್ಲಿ ಹೆಣ ಕೊಯ್ದಾಂವ ನಾನು ಅಂತ ಬರೀರಿ. ಫಕೀರೇಶನ ಹೆಣ ನಾನೇ ತೆಗದೀನಿ, ಅವನ ಉಸುರಿನ ಕೊಳವ್ಯಾಗ ಕೊಳಚಿ ಇತ್ತು ಅಂತ ಬರೀರಿ. ನಿಮ್ಮ ಕೈಲೆ."

ಅದು ಸಾಧ್ಯವಿಲ್ಲ ಎಂದರು ಅವರು. ಹಾಗಾದರೆ ಗಿಡಕ್ಕೆ ನೀರು ಹಾಕಬೇಕು ಎಂದು ಅಮೀನಪ್ಪ ಬಕೆಟ್ ಎತ್ತಿಕೊಂಡ. ಅಲ್ಲಿ ಗಿಡವಿರಲಿಲ್ಲ. ಬಿಲ್ಡರ ಹಿರಿಯ ಮಗ ಮುಂದೆ ಬಂದು, ಏನು ಬರೆಯಬೇಕೋ ಬೇಗ ಬರೆದುಕೊಡಿ ಸಾರ್, ಅಪ್ಪ ಒಳಗೆ ಸೆಕೆಯಲ್ಲಿದ್ದಾರೆ ಎಂದ. ಸುತ್ತ ಅರವತ್ತು ಎಪ್ಪತ್ತು ಜನ ಸೇರಿದ್ದರು. ವಿಮಲಮ್ಮ ಲಿಫ್ಟಿನ ಸ್ಟೂಲು ತಂದು ಹಾಕಿದಳು. ಚನ್ನವೀರೇಶ್ ಅದರ ಮೇಲೆ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆದರು. ಒಂದು ಕಡೆ "ಕೊಳಚೆಯಂಥ ದ್ರವ" ಎಂದು ಬರೆದಿದ್ದರು. ಹೇಮಶ್ರೀ "ಅಂಥ" ಹೊಡೆದುಹಾಕಿಸಿದಳು. ಸಹಿ, ತಾರೀಖು, ಮೊಹರು ಬಿದ್ದವು.

ಅಮೀನಪ್ಪ ಕಾಗದವನ್ನು ಲಕ್ಷ್ಮಿಯ ಕೈಗೆ ಕೊಟ್ಟ. ಆಮೇಲೆ ಕೈಗವಸು ಹಾಕಿಕೊಂಡು ಒಳಗೆ ಹೋಗಿ, ಸರದಿಯಲ್ಲಿ ಮೊದಲು ಬಂದಿದ್ದ ಹೆಣದಿಂದ ಶುರು ಮಾಡಿದ. ಬಿಲ್ಡರ ಸರದಿ ಹನ್ನೆರಡನೆಯದು. ಅರ್ಧ ಹೆಣಗಳನ್ನು ಹೇಮಶ್ರೀ ಕೊಯ್ದಳು.

ಶನಿವಾರ ಅಮೀನಪ್ಪನನ್ನು ತೆಗೆದುಹಾಕಿದರು. ಆಸ್ಪತ್ರೆಯಲ್ಲಿ ತೋಟವಿಲ್ಲದಿರುವುದು ಗಮನಕ್ಕೆ ಬಂದಿರುವುದರಿಂದ ತೋಟಗಾರನ ಅಗತ್ಯವಿಲ್ಲ ಎಂಬುದು ಕಾರಣ. ಅವನ ಜಾಗಕ್ಕೆ ಬಂದ ಹೊಸಬನ ಕಾಗದದಲ್ಲಿ ಈಜು ಶಿಕ್ಷಕ ಎಂದಿತ್ತು. ಹೇಮಶ್ರೀಗೆ ಪರೀಕ್ಷೆಗೆ ಕೂರುವ ಅನುಮತಿ ತಡೆಹಿಡಿದ ನೋಟಿಸು ಬಂತು. ಮರುದಿನ ಭಾನುವಾರ ಬೆಳಿಗ್ಗೆ ಶಿವಕ್ಕ ಜಗಲಿಗೆ ಬಂದವರಿಗೆಲ್ಲ, ನಮ್ಮ ಹುಡುಗಿ ಹೆಣದ ಡಾಕ್ಟರು, ಮೊಡವೆಗೆ ಬೇರೆ ಕಡೆ ಹೋಗಿ ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಸಿಟ್ಟಿಗೆ ಹೇಳಿದಳೋ ಹೆಮ್ಮೆಗೋ, ಕೇಳಿದವರಿಗೆ ತಿಳಿಯಲಿಲ್ಲ.

ಸೋಮವಾರ ಲಕ್ಷ್ಮಿ ಆ ಕಾಗದ ಹಿಡಿದು ಪೊಲೀಸು ಠಾಣೆಗೆ ದೂರು ಕೊಡಲು ಹೋದಳು. ಸಾಕ್ಷಿ ಹೇಳಲು ಅಮೀನಪ್ಪ, ಹೇಮಶ್ರೀ. ಜೊತೆಗೆ ವಿಮಲಮ್ಮ, ಮುನಿಯಪ್ಪ, ಇನ್ನೂ ಮೂವತ್ತು ಜನ ಠಾಣೆಯ ಮೆಟ್ಟಿಲ ಮೇಲೆ ಕೂತರು. ಹೃದಯಾಘಾತಕ್ಕೆ ದೂರು ಬರುವುದಿಲ್ಲ ಎಂದು ಶುರು ಮಾಡಿದ ಇನ್ಸ್‌ಪೆಕ್ಟರು, ಮೊಹರಿದ್ದ ಕಾಗದ ಓದಿ, ಕಿಟಕಿಯಿಂದ ಮೆಟ್ಟಿಲು ನೋಡಿ, ರೈಟರನ್ನು ಕರೆದರು.

ರೈಟರು ಕಂಪ್ಯೂಟರಿನ ಮುಂದೆ ಕೂತು ಅಮೀನಪ್ಪನ ಹೆಸರು, ವಯಸ್ಸು, ವಿಳಾಸ ಒತ್ತಿದ. ಉದ್ಯೋಗ ಏನು ಎಂದು ಕೇಳಿದ.

"ಹೆಣ ಕೊಯ್ಯಾಂವ," ಎಂದ ಅಮೀನಪ್ಪ.

ಅದು ಇದರಲ್ಲಿ ಇಲ್ಲ ಎಂದ ರೈಟರು. ಕೂಲಿ ಇದೆ, ಕೃಷಿ ಇದೆ, ವ್ಯಾಪಾರ ಇದೆ, ಕೂಲಿ ಅಂತ ಹಾಕಿಬಿಡುತ್ತೇನೆ ಎಂದ. ಅಮೀನಪ್ಪ ಬೇಡವೆಂದ. ಅದನ್ನು ಬರೆಯುವವರೆಗೆ ಹೇಳಿಕೆ ಕೊಡುವುದಿಲ್ಲ ಎಂದು ಬೆಂಚಿನ ಮೇಲೆ ನೆಟ್ಟಗೆ ಕೂತ. ಮೆಟ್ಟಿಲಲ್ಲಿದ್ದವರೂ ಅಲ್ಲಾಡಲಿಲ್ಲ. ಮುಕ್ಕಾಲು ಗಂಟೆ ಹುಡುಕಿ ರೈಟರು "ಇತರೆ" ಒತ್ತಿದ. ಪಕ್ಕದಲ್ಲಿ ಒಂದು ಖಾಲಿ ಚೌಕ ತೆರೆಯಿತು. ಹೇಮಶ್ರೀ ಅಕ್ಷರ ಹೇಳಿದಳು. ಅವನು ಒಂದೊಂದೇ ಬೆರಳಲ್ಲಿ ಟೈಪು ಮಾಡಿದ. ಅಮೀನಪ್ಪ ಪರದೆಯ ಹತ್ತಿರ ಬಗ್ಗಿ, ಓದಲು ಬಾರದ ಆ ಸಾಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಹಿಂದಿನ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಹೆಣ ಬಂದಲ್ಲಿಂದ ಹೇಳಲು ಶುರು ಮಾಡಿದ.

ಅವನದು ಮುಗಿದ ಮೇಲೆ ಹೇಮಶ್ರೀ ಕೂತಳು.

"ನಿಮ್ಗೆ ತೊಂದ್ರೆ ಇಲ್ಲ ಮೇಡಂ," ಎಂದ ರೈಟರು. "ಡಾಕ್ಟರ್ ಅಂತ ಇದೆ ಇದ್ರಲ್ಲಿ."

"ಬೇಡ," ಎಂದಳು ಅವಳು. "ಈಗ ಅವರಿಗೆ ಏನು ಹಾಕಿದ್ರೋ ಅದನ್ನೇ ಹಾಕಿ."